ರಕ್ಷಣೆಯ ಓಣಿ

ಬಲಗೈಯನ್ನು ಕಣ್ಣೆದುರು ಹಿಡಿದು ಅಂಗೈಯನ್ನು ಆಚೆಗೆ ತಿರುಗಿಸಿದರೆ ಹೆಬ್ಬೆರಳು ಎಡಕ್ಕೆ ಚಾಚಿಕೊಳ್ಳುತ್ತದೆ, ಉಳಿದ ನಾಲ್ಕು ಬೆರಳುಗಳು ಒತ್ತೊತ್ತಾಗಿ ಬಲಕ್ಕೆ ನಿಲ್ಲುತ್ತವೆ. ಜರ್ಮನಿಯಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಡುವ ಪಾಠವನ್ನು ಹೇಳಿಕೊಡುವುದು ಈ ಕೈಯನ್ನು ತೋರಿಸಿಯೇ. ಹೆಬ್ಬೆರಳು ಎಂದರೆ ಹೆದ್ದಾರಿಯ ತೀರಾ ಎಡಗಡೆಯ ಲೇನು. ಉಳಿದ ಬೆರಳುಗಳು ಅದರ ಬಲಕ್ಕಿರುವ ಲೇನುಗಳು. ವಾಹನಗಳ ವೇಗ ನಡಿಗೆಯಷ್ಟಕ್ಕೆ ಇಳಿದ ಕೂಡಲೇ ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿಯಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತೆರೆದುಕೊಳ್ಳುವ ಜಾಗಕ್ಕೆ ಅಲ್ಲಿನವರು ರೆಟ್ಟುಂಗ್ಸ್‌ಗಾಸ್ಸೆ ಎನ್ನುತ್ತಾರೆ. ರೆಟ್ಟುಂಗ್ ಎಂದರೆ ರಕ್ಷಣೆ, ಗಾಸ್ಸೆ ಎಂದರೆ ಓಣಿ.

ಹಾಸನದ ನಿವೃತ್ತ ಬಸ್ ಚಾಲಕರೊಬ್ಬರು ಪತ್ನಿಯೊಡನೆ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದು ತಿಂಗಳುಗಳಾಗಿವೆ. ಅರಮನೆ, ಇಗರ್ಜಿ, ಹಿಮದ ಬೆಟ್ಟ ಎಲ್ಲವನ್ನೂ ಅವರು ನೋಡಿದರು. ಊರಿಗೆ ಮರಳಿದ ಮೇಲೂ ಅವರ ಮನಸ್ಸಿನಿಂದ ಇಳಿಯದೆ ಉಳಿದದ್ದು ಮಾತ್ರ ಆ ಓಣಿ. ಅದನ್ನು ಅವರು ಕಂಡದ್ದು ಜೂನ್ ತಿಂಗಳ ಮೊದಲ ವಾರ, ಮ್ಯೂನಿಕ್‌ನಿಂದ ಉತ್ತರಕ್ಕೆ ಹೊರಟಾಗ. ಆ ದಾರಿಯ ಹೆಸರು ಎ9. ಮ್ಯೂನಿಕ್‌ನಿಂದ ಬರ್ಲಿನ್‌ವರೆಗೆ ಸುಮಾರು 530 ಕಿಲೋಮೀಟರ್ ಸಾಗುವ ಆಟೋಬಾನ್ ಅದು.

ಮೊದಲ ಪಾಠ ಹೆದ್ದಾರಿ ಸೇರುವ ಮುಂಚೆಯೇ, ಮ್ಯೂನಿಕ್‌ನ ಶ್ವಾಬಿಂಗ್ ಕಡೆಯ ಒಂದು ಸಿಗ್ನಲ್‌ನಲ್ಲಿ ಸಿಕ್ಕಿತು. ಕೆಂಪು ದೀಪ ಉರಿಯುತ್ತಿತ್ತು. ಮಗಳ ಕಾರು ಸಾಲಿನ ಮೊದಲಿಗೇ ನಿಂತಿತ್ತು. ಹಿಂದಿನಿಂದ ಎರಡು ಸ್ವರದ ಹಾರ್ನ್ ಕೇಳಿಬಂತು. ಅದಕ್ಕೆ ಜನ ಮಾರ್ಟಿನ್ಸ್‌ಹಾರ್ನ್ ಎನ್ನುತ್ತಾರೆ. ಅದನ್ನು ತಯಾರಿಸಿದ ಕಂಪನಿಯ ಹೆಸರೇ ಸದ್ದಿಗೂ ಅಂಟಿಕೊಂಡಿದೆ. ಮಗಳು ಎರಡೂ ಬದಿಯ ಕನ್ನಡಿ ನೋಡಿದಳು, ಅಡ್ಡರಸ್ತೆಯನ್ನೂ ನೋಡಿದಳು, ಬಲಕ್ಕೆ ಇಂಡಿಕೇಟರ್ ಹಾಕಿ ಗೆರೆಯನ್ನು ದಾಟಿ ಅರ್ಧ ಕಾರಿನಷ್ಟು ಮುಂದಕ್ಕೆ ತೆವಳಿದಳು. ಅಲ್ಲೇ ನಿಂತಳು. ಆಂಬುಲೆನ್ಸ್ ಪಕ್ಕದಿಂದ ಬಂದು, ಅಡ್ಡರಸ್ತೆಯ ಅಂಚಿನಲ್ಲಿ ಹೆಚ್ಚುಕಡಿಮೆ ನಿಂತು, ಎರಡೂ ಕಡೆಯವರು ತನ್ನನ್ನು ಗಮನಿಸಿದ್ದಾರೆಂದು ಖಚಿತಪಡಿಸಿಕೊಂಡು ದಾಟಿತು. ಮಗಳ ಕಾರು ಹಸಿರು ದೀಪ ಬರುವತನಕ ಅದೇ ಜಾಗದಲ್ಲಿತ್ತು.

“ಸಿಗ್ನಲ್ ಜಂಪ್ ಮಾಡಿದ ಹಾಗಾಗ್ಲಿಲ್ವೇನಮ್ಮ?” ಎಂದು ಅಪ್ಪ ಕೇಳಿದರು.

“ಜಾಗ ಬಿಡೋಕೆ ಎಷ್ಟು ಬೇಕೋ ಅಷ್ಟೇ ಮುಂದೆ ಬಂದೆ ಅಪ್ಪಾ. ದಾಟಿ ಹೋಗ್ಲಿಲ್ವಲ್ಲ.”

ಕಾನೂನು ಇರುವುದೂ ಆ ಮಾತಿನಲ್ಲೇ. ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ 38ನೇ ವಿಧಿಯ ಪ್ರಕಾರ ನೀಲಿ ದೀಪ ಮತ್ತು ಹಾರ್ನ್ ಎರಡೂ ಒಟ್ಟಿಗೆ ಚಾಲೂ ಇರುವ ವಾಹನ ಬಂದರೆ ಉಳಿದವರೆಲ್ಲ ತಕ್ಷಣ ದಾರಿ ತೆರವು ಮಾಡಬೇಕು. ಅದಕ್ಕಾಗಿ ಕೆಂಪು ದೀಪದ ಗೆರೆಯನ್ನು ಎಚ್ಚರದಿಂದ ದಾಟಬಹುದು. ಯಾರಿಗೂ ಅಪಾಯ ಆಗಬಾರದು, ಅಗತ್ಯಕ್ಕಿಂತ ಒಂದಡಿಯೂ ಹೆಚ್ಚು ಹೋಗಬಾರದು, ದಾರಿ ಸಿಕ್ಕಿತೆಂದು ಆಂಬುಲೆನ್ಸ್‌ನ ಬೆನ್ನು ಹತ್ತಿ ಅಡ್ಡರಸ್ತೆ ದಾಟಬಾರದು. ಸಿಗ್ನಲ್‌ನ ಕ್ಯಾಮೆರಾಗಳು ಎರಡು ಚಿತ್ರ ತೆಗೆಯುತ್ತವೆ. ವಾಹನ ಗೆರೆ ದಾಟಿದ್ದು ಮೊದಲನೆಯದರಲ್ಲಿ ಕಾಣುತ್ತದೆ. ಅದು ಅಲ್ಲೇ ನಿಂತಿತೋ, ನುಗ್ಗಿ ಹೋಯಿತೋ ಎಂಬುದನ್ನು ಎರಡನೆಯದು ಹೇಳುತ್ತದೆ. ದಾರಿ ಬಿಟ್ಟವನು ಯಾರು, ಅದನ್ನೇ ನೆಪ ಮಾಡಿಕೊಂಡವನು ಯಾರು ಎಂಬುದು ಆ ಎರಡು ಚಿತ್ರಗಳ ನಡುವೆ ಬಯಲಾಗುತ್ತದೆ.

ನಿಯಮ ಆಂಬುಲೆನ್ಸ್ ಚಾಲಕರನ್ನೂ ಬಿಟ್ಟಿಲ್ಲ. 35ನೇ ವಿಧಿ ಅವರಿಗೆ ಕೆಂಪು ದೀಪ ದಾಟುವ, ವೇಗಮಿತಿ ಮೀರುವ ವಿನಾಯಿತಿ ಕೊಡುತ್ತದೆ. ಸಾರ್ವಜನಿಕರ ಸುರಕ್ಷತೆಯನ್ನು ಸರಿಯಾಗಿ ಗಮನಿಸಿಯೇ ಅದನ್ನು ಬಳಸಬೇಕೆಂದು ಅದೇ ಉಸಿರಿನಲ್ಲಿ ಹೇಳುತ್ತದೆ. ಅಡ್ಡರಸ್ತೆಯ ಅಂಚಿನಲ್ಲಿ ಆ ಆಂಬುಲೆನ್ಸ್ ತಡೆದು ನಿಂತದ್ದು ಅದಕ್ಕೇ.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಬೇರೆಯೇ ಉತ್ತರವಿದೆ. ಅಲ್ಲಿನ ಹೈವೇ ಕೋಡ್‌ನ 219ನೇ ನಿಯಮವೂ ದಾರಿ ಬಿಡಿ ಎನ್ನುತ್ತದೆ, ಆದರೆ ಎಲ್ಲ ಸಂಚಾರ ಚಿಹ್ನೆಗಳನ್ನು ಪಾಲಿಸುತ್ತಲೇ ಬಿಡಿ ಎನ್ನುತ್ತದೆ. ಗಾಬರಿಯಿಂದ ಗಕ್ಕನೆ ಬ್ರೇಕ್ ಹಾಕಬೇಡಿ, ತಿರುವಿನಲ್ಲಿ, ಏರಿನ ತುದಿಯಲ್ಲಿ, ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಬೇಡಿ, ಪಾದಚಾರಿ ಮಾರ್ಗ ಹತ್ತಬೇಡಿ ಎಂದೂ ಎಚ್ಚರಿಸುತ್ತದೆ. ಆಂಬುಲೆನ್ಸ್‌ಗಾಗಿ ಕೆಂಪು ದೀಪ ದಾಟಿದವರಿಗೂ ಅಲ್ಲಿ ದಂಡ ಬೀಳಬಹುದು. ಆದ್ದರಿಂದ ಮುಂದಿನವರಿಗೆ ಸರಿಯಲು ಜಾಗವೇ ಇಲ್ಲದಾಗ ಅಲ್ಲಿನ ಎಷ್ಟೋ ತುರ್ತು ವಾಹನ ಚಾಲಕರು ಸ್ವಲ್ಪ ಹಿಂದೆಯೇ ನಿಂತು ಸೈರನ್ ಆರಿಸುತ್ತಾರೆ. ಗಾಬರಿಗೊಂಡ ಯಾರೋ ಅಡ್ಡರಸ್ತೆಗೆ ನುಗ್ಗಿ ಇನ್ನೊಂದು ಅಪಘಾತ ಆಗಬಾರದೆಂಬುದು ಅದರ ಹಿಂದಿನ ವಿವೇಕ. ಒಂದು ದೇಶ ಗೆರೆ ದಾಟಲು ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಸಾಮಾನ್ಯ ಚಾಲಕನ ಗೊಂದಲವನ್ನು ಎರಡೂ ನಿವಾರಿಸಿವೆ. ಏನು ಮಾಡಬೇಕೆಂದು ಅವನಿಗೆ ಮೊದಲೇ ಗೊತ್ತಿರುತ್ತದೆ.

ಮ್ಯೂನಿಕ್ ಹಿಂದೆ ಸರಿದ ಮೇಲೆ ರಸ್ತೆಯ ಎರಡೂ ಕಡೆ ಹಾಲ್ಲರ್‌ಟಾವ್ ಸೀಮೆ ತೆರೆದುಕೊಳ್ಳುತ್ತದೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯನ್ನು ಜಗತ್ತಿನಲ್ಲೇ ಅತಿ ಹೆಚ್ಚಾಗಿ ಒಂದೇ ಹರವಿನಲ್ಲಿ ಬೆಳೆಯುವ ನೆಲ ಇದು. ಏಳು ಮೀಟರ್ ಎತ್ತರದ ಕಂಬಗಳು, ಅವುಗಳ ನಡುವೆ ತಂತಿ, ತಂತಿಗೆ ಸುತ್ತಿಕೊಂಡು ಏರುವ ಹಸಿರು. ಜೂನ್ ತಿಂಗಳಲ್ಲಿ ಬಳ್ಳಿ ದಿನಕ್ಕೆ ಒಂದು ಅಡಿಯಷ್ಟು ಬೆಳೆಯುವುದೂ ಉಂಟು. “ಥೇಟ್ ನಮ್ಮ ಎಲೆತೋಟ” ಎಂದರು ಅಮ್ಮ. ವೀಳ್ಯದೆಲೆಯ ತೋಟದ ನೆರಳು, ತಂಪು ಅಲ್ಲಿಲ್ಲ. ಸಾಲು ಹಿಡಿದು ನಿಂತ ಶಿಸ್ತು ಮಾತ್ರ ಅದೇ. ಆ ಸೀಮೆಯ ಒಳರಸ್ತೆಗಳ ಬದಿಯ ಗೂಡಂಗಡಿಗಳಲ್ಲಿ ಬಿಳಿ ಆಸ್ಪರಾಗಸ್ ಕಟ್ಟುಗಳು, ಬುಟ್ಟಿ ತುಂಬ ಸ್ಟ್ರಾಬೆರಿ. ಆಸ್ಪರಾಗಸ್ ಕೊಯ್ಲು ಜೂನ್ 24ಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ಬೆಳೆಗಾಗಿ ಗಿಡಕ್ಕೆ ಬಿಡುವು ಕೊಡಬೇಕೆಂಬುದು ಅಲ್ಲಿನ ರೈತರ ಲೆಕ್ಕ.

ಹೆದ್ದಾರಿಯ ಮೇಲಿನ ಸೇತುವೆಗಳಿಗೆ ಅಲ್ಲಲ್ಲಿ ಬ್ಯಾನರ್ ಕಟ್ಟಿದ್ದರು. ಮಗಳು ಓದಿ ಹೇಳಿದ ಪ್ರಕಾರ ಅದರ ಅರ್ಥ, ರಕ್ಷಣೆಯ ಓಣಿ ಜೀವ ಉಳಿಸುತ್ತದೆ. ಇಂಗೋಲ್‌ಸ್ಟಾಟ್ ಬಳಿ ಡ್ಯಾನ್ಯೂಬ್ ನದಿ ದಾಟಿ, ಆಲ್ಟ್‌ಮ್ಯೂಲ್ ಕಣಿವೆಯ ಸುಣ್ಣಕಲ್ಲಿನ ಗುಡ್ಡಗಳ ನಡುವೆ ರಸ್ತೆ ಏರಿ ಇಳಿಯಿತು. ನ್ಯೂರೆಂಬರ್ಗ್ ಇನ್ನೂ ದೂರವಿರುವಾಗಲೇ ಮುಂದಿನ ಕಾರುಗಳ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಎಲ್ಲರೂ ಅಪಾಯ ಸೂಚಕ ದೀಪ ಮಿಟುಕಿಸಿದರು. ಹಿಂದಿನವರಿಗೆ ಅದು ಎಚ್ಚರಿಕೆ.

ಆಮೇಲೆ ನಡೆದದ್ದನ್ನು ಆ ಹಿರಿಯ ಚಾಲಕರು ಕಣ್ಣು ಮಿಟುಕಿಸದೆ ನೋಡಿದರು. ಸೈರನ್ ಸದ್ದಿಲ್ಲ, ಪೊಲೀಸರಿಲ್ಲ, ಯಾರೂ ಕೈ ಬೀಸಲಿಲ್ಲ. ಓಡುತ್ತಿದ್ದ ಮೂರು ಸಾಲು ವಾಹನಗಳು ವೇಗ ತಗ್ಗುತ್ತಿದ್ದ ಹಾಗೆಯೇ ಬಟ್ಟೆ ಸೀಳಿದಂತೆ ಎರಡಾದವು. ಎಡ ಸಾಲು ತಡೆಗೋಡೆಯ ಕಡೆಗೆ ಒತ್ತಿಕೊಂಡಿತು. ನಡುವಿನ ಸಾಲು, ಬಲಸಾಲಿನ ಲಾರಿಗಳು ಬಲಕ್ಕೆ ವಾಲಿದವು. ಎಲ್ಲ ನಿಂತಾಗ ಎಡ ಲೇನಿಗೂ ನಡು ಲೇನಿಗೂ ಮಧ್ಯೆ ಲಾರಿ ಹೋಗುವಷ್ಟು ಅಗಲದ ಖಾಲಿ ಡಾಂಬರು, ಕಣ್ಣು ಹಾಯುವಷ್ಟು ದೂರ.

“ಆಂಬುಲೆನ್ಸ್ ಎಲ್ಲಮ್ಮ?”

“ಇನ್ನೂ ಬಂದಿಲ್ಲ ಅಪ್ಪಾ. ಸದ್ದು ಕೇಳಿಸಿದ ಮೇಲೆ ಸರಿಯೋದಲ್ಲ, ನಿಲ್ಲೋಕ್ಕೆ ಮುಂಚೆನೇ ಸರಿಯೋದು.”

ಓಣಿಯ ಇಡೀ ಗುಟ್ಟು ಆ ಒಂದು ಮಾತಿನಲ್ಲಿದೆ. ಬಂಪರಿಗೆ ಬಂಪರು ತಾಗಿಸಿ ನಿಂತ ಮೇಲೆ ಕಾರು ಪಕ್ಕಕ್ಕೆ ಸರಿಯಲಾರದು. ಹದಿನಾರು ಮೀಟರ್ ಉದ್ದದ ಟ್ರೇಲರ್ ಲಾರಿಯಂತೂ ನಿಂತಲ್ಲಿಂದ ಅಡ್ಡಕ್ಕೆ ಹೊರಳುವುದು ಸಾಧ್ಯವೇ ಇಲ್ಲ. ಚಕ್ರ ಉರುಳುತ್ತಿರುವಾಗ ಮಾತ್ರ ವಾಹನಕ್ಕೆ ಜಾಗ ಬದಲಿಸುವ ಶಕ್ತಿ ಇರುತ್ತದೆ. ಅದಕ್ಕೇ ನಿಯಮ ಹೇಳುವುದು, ನಡಿಗೆಯ ವೇಗಕ್ಕೆ ಬಂದ ಕೂಡಲೇ ಓಣಿ ಬಿಡಿ, ಮುಂದಿನ ವಾಹನದಿಂದ ತುಸು ಅಂತರವನ್ನೂ ಉಳಿಸಿಕೊಳ್ಳಿ. ಓಣಿ ಎಲ್ಲಿರಬೇಕೆಂಬ ಗೊಂದಲವನ್ನು 2016ರ ಡಿಸೆಂಬರ್‌ನ ತಿದ್ದುಪಡಿ ನಿವಾರಿಸಿತು. ಲೇನು ಎರಡಿರಲಿ, ಮೂರಿರಲಿ, ನಾಲ್ಕಿರಲಿ, ಓಣಿ ಯಾವಾಗಲೂ ತೀರಾ ಎಡದ ಲೇನಿಗೂ ಅದರ ಪಕ್ಕದ ಲೇನಿಗೂ ನಡುವೆ. ನೆರೆಯ ಆಸ್ಟ್ರಿಯಾದಲ್ಲಿ ಇದೇ ಪದ್ಧತಿ 2012ರ ಜನವರಿ 1ರಿಂದ ಕಡ್ಡಾಯ.

ರಸ್ತೆಯ ಅಂಚಿನ ಪಟ್ಟಿ ಖಾಲಿಯೇ ಇತ್ತಲ್ಲ, ಆಂಬುಲೆನ್ಸ್ ಅಲ್ಲಿಂದ ಹೋಗಬಹುದಲ್ಲ ಎಂಬ ಪ್ರಶ್ನೆ ಸಹಜ. ಆ ಪಟ್ಟಿ ಕೆಟ್ಟು ನಿಂತ ವಾಹನಗಳಿಗೆ ಮೀಸಲು. ಎಲ್ಲಿ ಒಂದು ಲಾರಿ ಕೆಟ್ಟು ನಿಂತಿದೆಯೋ ಅಲ್ಲಿಗೆ ಆ ದಾರಿ ಮುಗಿಯಿತು. ಕೆಲವು ಸೇತುವೆಗಳ ಮೇಲೆ, ದುರಸ್ತಿ ನಡೆಯುವ ಕಡೆ ಪಟ್ಟಿಯೇ ಇರುವುದಿಲ್ಲ. ಜೀವ ಉಳಿಸುವ ದಾರಿ ನಡುನಡುವೆ ಕಡಿದುಹೋಗಬಾರದು.

ಸ್ವಲ್ಪ ಹೊತ್ತಿಗೆ ಆ ಎರಡು ಸ್ವರದ ಸದ್ದು ಹಿಂದಿನಿಂದ ಬಂತು. ಮೊದಲು ಪೊಲೀಸ್ ಕಾರು, ಅದರ ಹಿಂದೆ ಆಂಬುಲೆನ್ಸ್. ಅವು ವೇಗ ತಗ್ಗಿಸಲೇ ಇಲ್ಲ. ಹೋದವಲ್ಲ ಎಂದು ಅಮ್ಮ ನಿಟ್ಟುಸಿರು ಬಿಟ್ಟರು. ಯಾರೂ ಕದಲಲಿಲ್ಲ. ನಿಮಿಷ ಕಳೆಯುವುದರೊಳಗೆ ಒಂದು ಸಣ್ಣ ಕಾರು ಬಂತು. ಜರ್ಮನಿಯಲ್ಲಿ ತುರ್ತು ಚಿಕಿತ್ಸೆಯ ವೈದ್ಯರು ಹೆಚ್ಚಾಗಿ ತಮ್ಮದೇ ಬೇರೆ ವಾಹನದಲ್ಲಿ ಬಂದು ಆಂಬುಲೆನ್ಸ್ ಅನ್ನು ಸ್ಥಳದಲ್ಲಿ ಕೂಡಿಕೊಳ್ಳುತ್ತಾರೆ. ಆಮೇಲೆ ಅಗ್ನಿಶಾಮಕ ದಳದ ಎರಡು ಲಾರಿಗಳು. ಬಹಳ ಹೊತ್ತಿನ ಮೇಲೆ, ಹಳದಿ ದೀಪದ ಟೋಯಿಂಗ್ ಲಾರಿ. ಮೊದಲ ಆಂಬುಲೆನ್ಸ್ ದಾಟಿದೊಡನೆ ಓಣಿ ಮುಚ್ಚಿಬಿಡುವುದು ಚಾಲಕರು ಮಾಡುವ ದೊಡ್ಡ ತಪ್ಪು. ವೈದ್ಯರು ಬರುವುದು ಎರಡನೆಯದರಲ್ಲೋ ಮೂರನೆಯದರಲ್ಲೋ.

ಕಾಯುವ ಹೊತ್ತಿನಲ್ಲಿ ಡಬ್ಬಿ ತೆರೆದು ಚಿತ್ರಾನ್ನ, ಮೊಸರನ್ನ ಹಂಚಿಕೊಂಡರು. ಪಕ್ಕದ ಕಾರಿನ ಮುದುಕಿ ಕಿಟಕಿ ಇಳಿಸಿ, ಹಳದಿ ಅನ್ನವನ್ನು ಕುತೂಹಲದಿಂದ ನೋಡಿ, ತನ್ನ ಚೀಲದಿಂದ ಉಪ್ಪಿನ ಹರಳು ಅಂಟಿದ ಪ್ರೆಟ್ಸೆಲ್ ಒಂದನ್ನು ಚಾಚಿದಳು. ಅಮ್ಮ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿ ಕೊಟ್ಟರು. ಇವರು ನಡು ಸಾಲಿನಲ್ಲಿ, ಅವಳು ಬಲಸಾಲಿನಲ್ಲಿ. ಎರಡೂ ಕಾರು ಒಂದೇ ಕಡೆಗೆ ಒತ್ತಿ ನಿಂತಿದ್ದರಿಂದ ಕೈಗೆ ಕೈ ಎಟುಕುವಷ್ಟು ಹತ್ತಿರ. ಕಾರಿನಿಂದ ಯಾರೂ ಇಳಿಯಲಿಲ್ಲ. ಇನ್ನೊಂದು ಪಕ್ಕದ ಓಣಿಗೆ ಯಾರೂ ಕಾಲಿಡಲೂ ಇಲ್ಲ.

ಸಂಚಾರ ಬಿಟ್ಟ ಮೇಲೆ ನ್ಯೂರೆಂಬರ್ಗ್ ದಾಟಿ, ಪೆಗ್ನಿಟ್ಸ್ ಬಳಿಯ ವಿಶ್ರಾಂತಿ ತಾಣದಲ್ಲಿ ಕಾಫಿಗೆ ನಿಂತರು. ಅಲ್ಲಿ ಅಗ್ನಿಶಾಮಕ ದಳದ ಟೀ ಶರ್ಟು ತೊಟ್ಟ ನಡುವಯಸ್ಸಿನ ಒಬ್ಬರು ಸಿಕ್ಕಿದರು. ಕಸುಬಿನಿಂದ ಬಡಗಿ. ಬವೇರಿಯಾದಲ್ಲಿ ಸಂಬಳದ ಅಗ್ನಿಶಾಮಕ ದಳ ಇರುವುದು ಬೆರಳೆಣಿಕೆಯ ದೊಡ್ಡ ನಗರಗಳಲ್ಲಿ ಮಾತ್ರ. ಊರೂರುಗಳ ಏಳು ಸಾವಿರಕ್ಕೂ ಹೆಚ್ಚು ದಳಗಳು ಇಂಥ ಸ್ವಯಂಸೇವಕರವು. ಪೇಜರ್ ಕೂಗಿದರೆ ಉಳಿ, ರಂದ ಕೆಳಗಿಟ್ಟು ಅವರು ತಮ್ಮ ಸ್ವಂತ ಕಾರಿನಲ್ಲಿ ಠಾಣೆಗೆ ಓಡಬೇಕು. ಆ ಕಾರಿಗೆ ನೀಲಿ ದೀಪವಿಲ್ಲ, ಹಾರ್ನ್ ಇಲ್ಲ, ದಾರಿ ಬಿಡಿ ಎಂದು ಕೇಳುವ ಹಕ್ಕೂ ಇಲ್ಲ.

ಮಗಳ ಮೂಲಕ ಅಪ್ಪ ಅವರನ್ನು ಒಂದೇ ಪ್ರಶ್ನೆ ಕೇಳಿದರು. ಓಣಿ ಬಿಡದಿದ್ದರೆ ಏನು ಮಾಡುತ್ತೀರಿ? ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಎರಡೂ ಕೈಯಲ್ಲಿ ಭಾರದ ಪೆಟ್ಟಿಗೆ ಹಿಡಿದು ಕಾರುಗಳ ಸಂದಿಯಲ್ಲಿ ನುಸುಳಿ ಓಡುವ ಮನುಷ್ಯನನ್ನು ನಟಿಸಿ ತೋರಿಸಿದರು. ನಗಲಿಲ್ಲ. ಆಮೇಲೆ ಉತ್ತರದ ಕಡೆ ಬೆರಳು ಮಾಡಿ ಮ್ಯೂಂಚ್‌ಬರ್ಗ್ ಎಂದರು.

ಬೈರೊಯ್ಟ್ ದಾಟಿದ ಮೇಲೆ ನೆಲ ಏರುತ್ತದೆ. ಬಲಕ್ಕೆ ಫಿಕ್ಟೆಲ್ ಬೆಟ್ಟಗಳ ಕಪ್ಪು ಕಾಡು. ಸಕಲೇಶಪುರದ ಕಡೆಯ ಗುಡ್ಡಗಳನ್ನು ಕಂಡವರಿಗೆ ಆ ಇಳಿಜಾರುಗಳು ಪರಿಚಿತವೆನಿಸುತ್ತವೆ, ಮರಗಳು ಮಾತ್ರ ಬೇರೆ. 2017ರ ಜುಲೈ 3ರ ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಮ್ಯೂಂಚ್‌ಬರ್ಗ್ ಸಮೀಪ ಇದೇ ಹೆದ್ದಾರಿಯ ಎದುರು ಬದಿಯಲ್ಲಿ, ಇಟಲಿಯ ಗಾರ್ಡಾ ಸರೋವರಕ್ಕೆ ಹೊರಟಿದ್ದ ಪ್ರವಾಸಿ ಬಸ್ಸೊಂದು ದಟ್ಟಣೆಯ ಕೊನೆಯಲ್ಲಿದ್ದ ಲಾರಿಯ ಟ್ರೇಲರ್‌ಗೆ ಗುದ್ದಿತು. ಕೂಡಲೇ ಬೆಂಕಿ ಹತ್ತಿತು. ಒಳಗಿದ್ದ 48 ಜನರಲ್ಲಿ 18 ಮಂದಿ ಸತ್ತರು, 30 ಮಂದಿ ಗಾಯಗೊಂಡರು. ರಕ್ಷಣಾ ಪಡೆ ಬರುವ ಹೊತ್ತಿಗೆ ಬಸ್ಸಿನ ಹತ್ತಿರ ಸುಳಿಯಲೂ ಆಗದಷ್ಟು ಉರಿ. ದಾರಿಯಲ್ಲಿ ಹಲವರು ಓಣಿಯನ್ನು ಸರಿಯಾಗಿ ಬಿಟ್ಟಿರಲಿಲ್ಲ ಎಂಬ ಸಂಗತಿ ದೇಶವನ್ನು ಕಲಕಿತು.

ಅಂದಿನವರೆಗೆ ಓಣಿ ಬಿಡದವರಿಗೆ ಇದ್ದ ದಂಡ 20 ಯೂರೋ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಕನಿಷ್ಠ 200 ಯೂರೋಗೆ ಏರಿತು. ಇಂದು ದಂಡದ ಜೊತೆಗೆ ಲೈಸೆನ್ಸಿನ ಮೇಲೆ ಎರಡು ಪಾಯಿಂಟ್, ಒಂದು ತಿಂಗಳು ವಾಹನ ಓಡಿಸದಂತೆ ನಿಷೇಧ. ಅಪಾಯವೋ ಹಾನಿಯೋ ಆಗಿದ್ದರೆ 320 ಯೂರೋವರೆಗೆ. ಆಂಬುಲೆನ್ಸ್‌ನ ಹಿಂದೆಯೇ ಓಣಿಯಲ್ಲಿ ನುಗ್ಗುವವರಿಗೆ ಕನಿಷ್ಠ 240. ಶಿಸ್ತಿಗೆ ಹೆಸರಾದ ದೇಶದಲ್ಲೂ ಈ ಶಿಸ್ತು ಹುಟ್ಟಿನಿಂದ ಬಂದದ್ದಲ್ಲ. ನಿಯಮ, ಪಾಠ, ಬ್ಯಾನರ್, ದಂಡ, ಮತ್ತೆ ಇಂಥ ಸಾವುಗಳ ನೆನಪು ಎಲ್ಲ ಸೇರಿ ಬೆಳೆಸಿದ್ದು. ಲೈಸೆನ್ಸ್ ಬೇಕೆಂದರೆ ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಮುಗಿಸಬೇಕು ಎಂಬುದು ಅಲ್ಲಿನ ಕಟ್ಟಳೆ.

ಆ ಬೆಟ್ಟದ ದಾರಿಯಲ್ಲಿ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಹಾಸನ, ಸಕಲೇಶಪುರದ ಕಡೆಯಿಂದ ಎಷ್ಟೋ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಇಳಿಯುವುದು ಶಿರಾಡಿ ಘಾಟಿಯಲ್ಲಿ. ಅವರು ಬಸ್ ಓಡಿಸುತ್ತಿದ್ದ ಕಾಲದಲ್ಲಿ ಒಂದು ಮಳೆಗಾಲದ ಸಂಜೆ, ಲಾರಿಗಳ ಸಾಲಿನಲ್ಲಿ ಬಸ್ ಸಿಕ್ಕಿಕೊಂಡಿದ್ದಾಗ ಹಿಂದೆ ಆಂಬುಲೆನ್ಸ್ ಕೂಗುತ್ತ ನಿಂತಿತ್ತು. ಎಡಕ್ಕೆ ಚರಂಡಿ, ಬಲಕ್ಕೆ ಎದುರಿನ ಸಾಲು. ಕಂಡಕ್ಟರ್, ಪ್ರಯಾಣಿಕರು ಎಲ್ಲರೂ ಮಳೆಯಲ್ಲೇ ಇಳಿದು ಒಂದೊಂದೇ ವಾಹನವನ್ನು ಹಿಂದೆ ಮುಂದೆ ಮಾಡಿಸಿ ದಾರಿ ಬಿಡಿಸಿದರು. ಮನಸ್ಸಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಜಾಗ ಮಾತ್ರ ಇರಲಿಲ್ಲ. ಒಳಗಿದ್ದವರು ಬದುಕಿದರೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ನಿಲ್ಲುವ ಮುಂಚೆ ಎಲ್ಲರೂ ಎರಡೆರಡು ಅಡಿ ಸರಿದುಕೊಂಡಿದ್ದರೆ ಎಂಬ ಯೋಚನೆ ಅಷ್ಟು ವರ್ಷ ಅವರಿಗೆ ಹೊಳೆದಿರಲಿಲ್ಲ. ಎ9ರಲ್ಲಿ ಹೊಳೆಯಿತು. ಹೊಳೆದದ್ದು ಬಿಟ್ಟುಹೋಗಲಿಲ್ಲ.

ಕರ್ನಾಟಕದಲ್ಲಿ ಮನಸ್ಸಿಗೆ ಬರವಿಲ್ಲ. 2020ರ ಫೆಬ್ರುವರಿಯಲ್ಲಿ 40 ದಿನದ ಹಸುಗೂಸೊಂದನ್ನು ಹೃದಯದ ಚಿಕಿತ್ಸೆಗೆ ಮಂಗಳೂರಿನಿಂದ ಬೆಂಗಳೂರಿಗೆ ಝೀರೋ ಟ್ರಾಫಿಕ್‌ನಲ್ಲಿ ಐದು ಗಂಟೆಯೊಳಗೆ ತಲುಪಿಸಿದಾಗ, ಊರೂರುಗಳಲ್ಲಿ ಜನ ತಾವಾಗಿಯೇ ರಸ್ತೆಗಿಳಿದು ದಾರಿ ಕಾದರು. ಪೊಲೀಸರು, ಆಂಬುಲೆನ್ಸ್ ಚಾಲಕರು, ಹಳ್ಳಿಯ ಹುಡುಗರು ಸೇರಿ ಕಟ್ಟುವ ಇಂಥ ದಾರಿಗೆ ಕೈ ಮುಗಿಯಬೇಕು. ಆದರೆ ಪ್ರತಿ ರೋಗಿಗೂ ಝೀರೋ ಟ್ರಾಫಿಕ್ ಮಾಡಲಾಗದು. 2008ರಿಂದ ಓಡುತ್ತಿರುವ 108 ಆಂಬುಲೆನ್ಸ್‌ಗಳಲ್ಲಿ ದಿನವೂ ಸಾಗುವವರಿಗೆ ಬೇಕಾದದ್ದು ಸಾಮಾನ್ಯ ದಿನದ ಸಾಮಾನ್ಯ ಚಾಲಕರು ಬಿಡುವ ದಾರಿ.

ಕಾನೂನಿಗೂ ಬರವಿಲ್ಲ. 2017ರ ವಾಹನ ಚಾಲನಾ ನಿಯಮಗಳು ಸೈರನ್ ಮತ್ತು ದೀಪ ಹಾಕಿಕೊಂಡ ಅಗ್ನಿಶಾಮಕ ವಾಹನ, ಆಂಬುಲೆನ್ಸ್‌ಗಳಿಗೆ ಎಚ್ಚರ ಮತ್ತು ಹೊಣೆಯೊಂದಿಗೆ ಕೆಂಪು ದೀಪ ದಾಟುವ ಅವಕಾಶ ಕೊಟ್ಟಿವೆ. ಉಳಿದವರು ಬದಿಗೆ ಸರಿಯಬೇಕೆಂದಿವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಪ್ರಕಾರ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆಂಬುಲೆನ್ಸ್‌ಗೆ ದಾರಿ ಬಿಡಲು ಸಿಗ್ನಲ್ ದಾಟಿದವರಿಗೆ ಕ್ಯಾಮೆರಾದಿಂದ ದಂಡ ಬಿದ್ದಿದ್ದರೆ ಅದನ್ನು ರದ್ದು ಮಾಡುವುದಾಗಿ ಬೆಂಗಳೂರು ಸಂಚಾರ ಪೊಲೀಸರು ಹೇಳಿದ್ದಾರೆ. ಕೊರತೆ ಇರುವುದು ಎರಡರ ನಡುವೆ. ಮನಸ್ಸು ಮತ್ತು ಕಾನೂನು ಎರಡೂ ಸೈರನ್ ಕೇಳಿದ ಮೇಲೆ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಸಾಲು ಬಿಗಿದುಕೊಂಡಿರುತ್ತದೆ.

ಊರಿಗೆ ಮರಳಿದ ಮೇಲೆ ಆ ಹಿರಿಯ ಚಾಲಕರು ನೆಲಮಂಗಲ, ಕುಣಿಗಲ್ ದಾರಿಯಲ್ಲಿ ಹಾಸನಕ್ಕೆ ಹೋಗುವಾಗ ವಾಹನಗಳು ನಿಧಾನಗೊಂಡವು. ಒಂದೊಂದು ಕಡೆಗೆ ಎರಡು ಲೇನಿನ ಹೆದ್ದಾರಿ. ಅವರ ಕಾರು ಬಲ ಲೇನಿನಲ್ಲಿತ್ತು. ಅವರು ಮೆಲ್ಲನೆ ಬಲಕ್ಕೆ, ವಿಭಜಕದ ಕಡೆಗೆ ಒತ್ತಿಕೊಂಡರು. ಎಡಕ್ಕೆ ತೆರೆದ ಜಾಗದಲ್ಲಿ ಒಂದು ಬೈಕು ತೂರಿತು, ಅದರ ಹಿಂದೆ ಒಂದು ಆಟೋ. ಒಬ್ಬರೇ ಓಣಿ ಕಟ್ಟಲಾಗದು ಎಂಬುದು ಅಲ್ಲೇ ತಿಳಿಯಿತು. ಇಬ್ಬರಿಂದ ಶುರುವಾಗಬೇಕು, ಸಾಲು ಅದನ್ನು ಮುಂದುವರಿಸಬೇಕು, ಚಾಲನಾ ಶಾಲೆ ಕಲಿಸಬೇಕು, ಕಾನೂನು ಅದಕ್ಕೊಂದು ಹೆಸರಿಡಬೇಕು.

ಭಾರತದಲ್ಲಿ ವಾಹನ ಎಡಕ್ಕೆ ಚಲಿಸುವುದರಿಂದ ಪಾಠದ ಕೈಯೂ ಬದಲಾಗುತ್ತದೆ. ಎಡಗೈಯನ್ನು ಕಣ್ಣೆದುರು ಹಿಡಿದು ಅಂಗೈಯನ್ನು ಆಚೆಗೆ ತಿರುಗಿಸಿ. ಹೆಬ್ಬೆರಳು ಬಲಕ್ಕಿದೆ, ಅದು ವಿಭಜಕದ ಪಕ್ಕದ ಲೇನು. ಉಳಿದ ಬೆರಳುಗಳು ಎಡಕ್ಕಿವೆ. ಮುಂದಿನ ಬಾರಿ ಹೆದ್ದಾರಿಯಲ್ಲಿ ವೇಗ ತಗ್ಗಿದಾಗ, ಸೈರನ್‌ಗಾಗಿ ಕಾಯದೆ, ಆ ಎರಡರ ನಡುವಿನ ಜಾಗವನ್ನು ಬಿಟ್ಟು ನಿಲ್ಲಿ. ಮುಂದಿನವರು ಬಿಟ್ಟಿದ್ದರೆ ಅದನ್ನು ತುಂಬಬೇಡಿ. ಆ ದಾರಿಯಲ್ಲಿ ಬರುವವರು ಯಾರದೋ ಮನೆಯವರು.